ತೊಂಬತ್ತೊಂದು ಹಲ್ಲಿನ ಚಕ್ರ

ಪೊಲೀಸಮ್ಮನಿಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ.

ಹನ್ನೆರಡರವರೆಗೆ ಹೇಗೋ ದಾಟುತ್ತಿದ್ದಳು. ಹದಿಮೂರಕ್ಕೆ ಕಾಲಿಟ್ಟರೆ ಮೂರನೆಯ ಮೆಟ್ಟಿಲಲ್ಲೇ ನಾಲಿಗೆ ತೊಡರುತ್ತಿತ್ತು. ಅದಕ್ಕಾಗಿ ಶಾಲೆಯಲ್ಲಿ ಬೆಂಚು ಹತ್ತಿ ನಿಂತಿದ್ದಳು, ಮನೆಯಲ್ಲಿ ಕಿವಿ ಹಿಂಡಿಸಿಕೊಂಡಿದ್ದಳು. ಆದರೂ ಬರಲಿಲ್ಲ. ಹದಿಮೂರು ಎದುರಾದಾಗಲೆಲ್ಲ ಒಂದೊಂದಾಗಿ ಎಣಿಸುವುದನ್ನೇ ರೂಢಿ ಮಾಡಿಕೊಂಡಳು.

ಈಗಲೂ ಎಣಿಸುತ್ತಿದ್ದಳು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಟೂಲ್‌ರೂಮಿನಲ್ಲಿ, ಎಣ್ಣೆ ಕುಡಿದ ನೆಲದ ಮೇಲೆ ಗೋಣಿಚೀಲ ಹಾಸಿ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಸೀಮೆಸುಣ್ಣ. ಮುಂದೆ ಮಲಗಿಸಿದ್ದ ಕಬ್ಬಿಣದ ಚಕ್ರ ಎತ್ತಿನ ಗಾಡಿಯ ಗಾಲಿಯಷ್ಟಿಲ್ಲದಿದ್ದರೂ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರವಿತ್ತು.

ಮಂಗಳವಾರ ಬೆಳಿಗ್ಗೆ ಈ ಚಕ್ರದ ಒಂದು ಹಲ್ಲು ಮುರಿದು ರಟ್ಟು ಒತ್ತುವ ಮೂರನೇ ನಂಬರ್ ಪ್ರೆಸ್ಸಿನ ಹಲಗೆ ಕುಸಿದಿತ್ತು. ಕೆಳಗೆ ಅಕ್ಕನ ಎಡಗೈ ಇತ್ತು.

ಆಕೆಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಅಕ್ಕ ಎಂದೇ. ಅಲ್ಲಿ ಫಿಟ್ಟರ್ ಆಗಿದ್ದ ಅವಳ ತಮ್ಮನನ್ನು ಕರೆಯುತ್ತಿದ್ದದ್ದು ತಮ್ಮ ಎಂದು. ಈಗ ಎಲ್ಲ ಆ ತಮ್ಮನ ತಲೆಗೆ ಬಂದಿತ್ತು. ಸೋಮವಾರ ಗ್ರೀಸ್ ಹಚ್ಚಲು ಗೇರ್ ಪೆಟ್ಟಿಗೆ ತೆರೆದವನು ಅವನು. ಒಳಗೆ ಬೋಲ್ಟೊಂದನ್ನು ಮರೆತು ಬಿಟ್ಟಿದ್ದರಿಂದಲೇ ಹಲ್ಲು ಮುರಿಯಿತು ಎಂದು ಕಾರ್ಖಾನೆಯವರ ವರದಿ ಹೇಳುತ್ತಿತ್ತು. ಟೈಪ್ ಮಾಡಿದ ವರದಿ ಪೊಲೀಸಮ್ಮನ ಚೀಲದಲ್ಲಿತ್ತು. ಸಂಜೆ ನಾಲ್ಕಕ್ಕೆ ಅವಳು ಅದಕ್ಕೆ ಸಹಿ ಹಾಕಿದರೆ ತಮ್ಮ ಜೈಲಿಗೆ ಹೋಗುತ್ತಾನೆ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂದು ಹೇಳಬೇಕು.

ಹೇಳಲು ಇನ್ನೂ ಏನೂ ಸಿಕ್ಕಿರಲಿಲ್ಲ. ಗಂಟೆ ಎರಡೂವರೆ.

"ಹನ್ನೊಂದು, ಹನ್ನೆರಡು, ಹದಿಮೂರು." ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಏನಮ್ಮಾ, ನನ್ನ ಕಸಬಿಗೆ ಕೈ ಹಾಕ್ದಂಗಿದೆ?" ಲೇತ್ ಯಂತ್ರದ ಹಿಂದಿನಿಂದ ದನಿ ಬಂತು.

ಅದು ಹಲ್ಲು ಡಾಕ್ಟರ ದನಿ. ಮೂವತ್ತು ವರ್ಷದಿಂದ ಈ ಕೋಣೆಯಲ್ಲಿ ಚಕ್ರಗಳಿಗೆ ಹಲ್ಲು ಕೊಯ್ಯುತ್ತಿದ್ದ ಟರ್ನರ್. ಕಾರ್ಖಾನೆಯ ಯಂತ್ರಕ್ಕೆಲ್ಲ ಹಲ್ಲು ಕಟ್ಟಿದವರ ಬಾಯಲ್ಲಿ ಉಳಿದದ್ದು ನಾಲ್ಕೇ ನಾಲ್ಕು. ಅವೂ ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಡಾಕ್ಟ್ರೇ, ಈ ಮುಕ್ಕು ನೋಡಿದ್ದೀರಾ?"

"ಮುರಿದದ್ದು ನೋಡ್ದೆ. ಅದಾದ್ಮೇಲೆ ನೋಡೋ ಮನಸ್ಸಾಗ್ಲಿಲ್ಲ."

"ಬನ್ನಿ ಇಲ್ಲಿ."

ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. ಸೊಂಟ ಹಿಡಿದುಕೊಂಡು ಬಗ್ಗಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು.

ಮುರಿದ ಹಲ್ಲಿನ ಬುಡ ಎದ್ದು ಕಾಣುತ್ತಿತ್ತು. ಅದನ್ನು ಎಲ್ಲರೂ ನೋಡಿದ್ದರು. ಪೊಲೀಸಮ್ಮ ತೋರಿಸಿದ್ದು ಬೇರೆಯದನ್ನು. ಚಕ್ರದ ಸುತ್ತ ಅಲ್ಲಲ್ಲಿ ಕೆಲವು ಹಲ್ಲುಗಳ ಅಂಚು ಜಜ್ಜಿ ಹೋಗಿತ್ತು. ಗ್ರೀಸ್ ಒರೆಸಿದ ಮೇಲೆ ಕಂಡದ್ದು. ಬೆರಳಾಡಿಸಿದರೆ ತರಿ ತಟ್ಟುತ್ತಿತ್ತು.

"ಮುರಿದದ್ದನ್ನ ಬಿಟ್ಟು ಆರು ಹಲ್ಲು ಹೀಗಿದೆ. ಬಾಕಿ ಎಲ್ಲ ಹೊಸದರ ಹಾಗಿದೆ."

"ಬೋಲ್ಟು ಸಿಕ್ಕಿಕೊಂಡಿತ್ತಲ್ಲ, ಅದೇ ಜಜ್ಜಿರಬೇಕು."

"ಬೋಲ್ಟು ಒಂದು ಕಡೆ ಜಜ್ಜುತ್ತೆ. ಸುತ್ತಲೂ ಅಳತೆ ಮಾಡಿ ಜಜ್ಜುತ್ತಾ?"

"ಅಳತೆ?"

"ಮುರಿದ ಹಲ್ಲಿಂದ ಶುರು ಮಾಡಿ ಎಣಿಸಿ. ಹದಿಮೂರನೇದು ಮುಕ್ಕು. ಅಲ್ಲಿಂದ ಮತ್ತೆ ಹದಿಮೂರನೇದು ಮುಕ್ಕು. ನಾನು ಎರಡು ಸಲ ಎಣಿಸಿದೆ."

ಡಾಕ್ಟರು ಎಣಿಸಲಿಲ್ಲ. ಚಕ್ರವನ್ನೇ ನೋಡುತ್ತ ನಿಂತರು. ಅವರ ತುಟಿ ಮಾತ್ರ ಅಲುಗುತ್ತಿತ್ತು.

"ಇದನ್ನ ತಿರುಗಿಸೋ ಚಿಕ್ಕ ಚಕ್ರ ಎಲ್ಲಿದೆ?"

"ಪಿನಿಯನ್ನಾ? ಆ ಬಕೆಟ್‌ನಲ್ಲಿ."

ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ ಪಿನಿಯನ್ನನ್ನು ಅವಳೇ ಎತ್ತಿದಳು. ಅಂಗೈಯಗಲದ್ದು. ಹದಿಮೂರು ಹಲ್ಲು. ಅದರಲ್ಲಿ ಒಂದರ ತುದಿ ಚಿಪ್ಪಾಗಿ ಎದ್ದು ಉಳಿಯಂತೆ ಚೂಪಾಗಿತ್ತು. ಹಳೆಯ ಪೆಟ್ಟು. ಎದ್ದ ಜಾಗ ತಿಕ್ಕಿ ತಿಕ್ಕಿ ಹೊಳಪು ಬಂದಿತ್ತು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಕ್ಕ ಹೇಳಿದ ಮಾತು ಆಗ ನೆನಪಾಯಿತು.

ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಎಡಗೈಗೆ ಬಾಕ್ಸಿಂಗ್‌ನವರಂತೆ ಬ್ಯಾಂಡೇಜು. ಅಳುವ ಹೆಂಗಸಲ್ಲ ಅವಳು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಹದಿನಾಲ್ಕು ವರ್ಷ ಸಾಕಿ ಫಿಟ್ಟರ್ ಮಾಡಿದವಳು.

"ಲೆಕ್ಕ ಹಾಕೋಕೆ ಹತ್ತು ಬೆರಳಿತ್ತು ಮೇಡಂ, ಈಗ ಏಳು. ಇನ್ಮೇಲೆ ಏಳರ ಮಗ್ಗಿ ಮಾತ್ರ ಕಲಿತರೆ ಸಾಕು" ಎಂದು ನಕ್ಕಿದ್ದಳು. ಪಕ್ಕದ ಹಾಸಿಗೆಯವಳಿಗೆ ನಗು ಬರಲಿಲ್ಲ.

"ಅವತ್ತು ಯಂತ್ರ ಏನಾದ್ರೂ ಬೇರೆ ಥರ ಶಬ್ದ ಮಾಡ್ತಿತ್ತಾ?"

"ಅವತ್ತಲ್ಲ. ಮೂರು ತಿಂಗಳಿಂದ. ಹೊಸ ಚಕ್ರ ಹಾಕಿದಾಗಿಂದ. ಮೊದಮೊದಲು ಮೆತ್ತಗೆ ಟಿಕ್ ಅಂತಿತ್ತು. ಆಮೇಲೆ ಟಕ್. ಈಚೆಗೆ ಠಕ್ ಅಂತ ನನ್ನ ಮೊಣಕೈಗೇ ಬಡಿಯೋದು. ಹಲಗೆ ಒಂದು ಸಲ ಇಳಿದು ಏರೋದ್ರೊಳಗೆ ಏಳು ಸಲ. ಬೇಜಾರು ಕಳೆಯೋಕೆ ಎಣಿಸ್ತಿದ್ದೆ."

"ಯಾರಿಗಾದ್ರೂ ಹೇಳಿದ್ರಾ?"

"ತಮ್ಮಂಗೆ ಹೇಳ್ದೆ. ಅವನು ಚೀಫ್‌ಗೆ ಹೇಳ್ದೆ ಅಂದ. ಚೀಫ್ 'ಹೊಸ ಚಪ್ಪಲಿ ಕಚ್ಚೋ ಹಾಗೆ, ಸರಿ ಹೋಗುತ್ತೆ' ಅಂದ್ರಂತೆ."

ಏಳು ಸಲ. ಪೊಲೀಸಮ್ಮ ಚಕ್ರದ ಕಡೆ ನೋಡಿದಳು. ಆರು ಮುಕ್ಕು, ಒಂದು ಮುರುಕು. ಒಟ್ಟು ಏಳು.

"ಡಾಕ್ಟ್ರೇ, ಈ ದೊಡ್ಡ ಚಕ್ರಕ್ಕೆ ಹಲ್ಲು ಎಷ್ಟು?"

"ತೊಂಬತ್ತೊಂದು." ಡಾಕ್ಟರ ದನಿ ಇಳಿದಿತ್ತು. "ಯಂತ್ರದ ಜೊತೆ ಬಂದ ಮೊದಲಿನದಕ್ಕೆ ತೊಂಬತ್ತಿತ್ತು. ಅದು ಸವೆದು ಹೋಯ್ತು ಅಂತ ಹೊಸದು ಮಾಡುವಾಗ ಚೀಫ್ ತೊಂಬತ್ತೊಂದು ಮಾಡಿ ಅಂದ್ರು."

"ಯಾಕೆ?"

ಡಾಕ್ಟರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲೊಂದು ತಗಡಿನ ಹಲಗೆ ನೇತಾಡುತ್ತಿತ್ತು. ಬಿಳಿ ಬಣ್ಣದಲ್ಲಿ ದಪ್ಪಕ್ಷರ: ಒಡೆಯದ ನಂಬರುಗಳು. ಕೆಳಗೆ ಸಾಲು ಸಾಲಾಗಿ ಹದಿಮೂರು, ಹದಿನೇಳು, ಹತ್ತೊಂಬತ್ತು. ಕೊನೆಯ ಸಾಲಿನಲ್ಲಿ ಎಂಬತ್ತಮೂರು, ಎಂಬತ್ತೊಂಬತ್ತು, ತೊಂಬತ್ತೊಂದು, ತೊಂಬತ್ತೇಳು.

"ಇಲ್ಲಿ ಹೊಸ ಚಕ್ರ ಮಾಡ್ಬೇಕಾದ್ರೆ ಮೊದಲು ಆ ಬೋರ್ಡ್ ನೋಡ್ತೀವಿ. ಯಾವುದ್ರಿಂದಲೂ ಭಾಗ ಹೋಗದ ನಂಬರಾದ್ರೆ ಒಳ್ಳೇದು. ಚಿಕ್ಕ ಚಕ್ರದ ಒಂದು ಹಲ್ಲು ಕೆಟ್ಟಿದ್ರೂ ಅದು ದೊಡ್ಡದರ ಎಲ್ಲ ಹಲ್ಲಿಗೂ ಸರದಿ ಪ್ರಕಾರ ಬಡಿಯುತ್ತೆ. ಎಲ್ಲಕ್ಕೂ ಒಂದೊಂದು ಪೆಟ್ಟು. ಒಂದಕ್ಕೇ ಬೀಳಲ್ಲ. ಮನೇಲಿ ಕೆಲಸ ಹಂಚಿಕೊಂಡ ಹಾಗೆ."

"ತೊಂಬತ್ತು ಒಳ್ಳೇದಲ್ವಾ?"

"ತೊಂಬತ್ತಕ್ಕೆ ಭಾಗ ಕೇಳೋರು ಬಹಳ. ಎರಡು ಬರುತ್ತೆ, ಮೂರು ಬರುತ್ತೆ, ಐದು, ಆರು, ಒಂಬತ್ತು, ಹತ್ತು. ಬಾಗಿಲು ತೆಗೆದಿಟ್ಟ ಮನೆ ಅದು. ತೊಂಬತ್ತೊಂದಕ್ಕೆ ಯಾರೂ ಬರಲ್ಲ."

"ಅದನ್ನ ಯಾರು ನೋಡಿದ್ರು?"

"ನಾನೇ. ಮೂವತ್ತು ವರ್ಷದ ಹಿಂದೆ." ಡಾಕ್ಟರು ಬೆರಳು ಮಡಚಿದರು. "ಸರಿಸಂಖ್ಯೆ ತೆಗೆದುಹಾಕ್ದೆ. ಐದರಲ್ಲಿ ಮುಗಿಯೋದು ತೆಗೆದೆ. ಅಂಕಿ ಕೂಡಿಸಿ ಮೂರರಿಂದ ಹೋಗೋದು ತೆಗೆದೆ. ಉಳಿದದ್ದನ್ನ ಮಗ್ಗಿ ಪುಸ್ತಕದಲ್ಲಿ ಹುಡುಕಿದೆ. ನಲವತ್ತೊಂಬತ್ತು ಏಳರಲ್ಲಿ ಸಿಕ್ತು. ಎಪ್ಪತ್ತೇಳೂ ಏಳರಲ್ಲಿ ಸಿಕ್ತು. ತೊಂಬತ್ತೊಂದು ಎಲ್ಲೂ ಸಿಗ್ಲಿಲ್ಲ."

"ಮಗ್ಗಿ ಪುಸ್ತಕ ಎಲ್ಲಿವರೆಗಿತ್ತು?"

"ಎಲ್ಲ ಮಗ್ಗಿ ಹನ್ನೆರಡರ ತನಕ. ಏಳು ಹನ್ನೆರಡ್ಲಿ ಎಂಬತ್ತನಾಲ್ಕು. ಅಲ್ಲಿಗೆ ಪುಟ ಮುಗೀತು."

ಡಾಕ್ಟರ ನಾಲ್ಕು ಹಲ್ಲುಗಳ ನಡುವಿನಿಂದ ಉಸಿರು ಸುಯ್ ಎಂದಿತು.

"ಎಂಬತ್ತನಾಲ್ಕಕ್ಕೆ ಇನ್ನೊಂದು ಏಳು ಸೇರಿಸಿದ್ರೆ?" ಪೊಲೀಸಮ್ಮ ಮೆಲ್ಲಗೆ ಕೇಳಿದಳು.

ಅವರು ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ಬೂಟಿನ ಸದ್ದಾಯಿತು.

ಚೀಫ್ ಎಂಜಿನಿಯರನ್ನು ಎಲ್ಲರೂ ಚೀಫ್ ಎಂದೇ ಕರೆಯುತ್ತಿದ್ದರು. ಇಸ್ತ್ರಿ ಹಾಕಿದ ಅಂಗಿ, ಜೇಬಲ್ಲಿ ಮೂರು ಬಣ್ಣದ ಪೆನ್ನು. ಒಳ್ಳೆಯ ಮಾತುಗಾರ. ಬರುವಾಗ ತಾವೇ ಚಹಾದ ಲೋಟ ಹಿಡಿದು ಬಂದಿದ್ದರು.

"ಇನ್ನೂ ಎಣಿಸ್ತಿದ್ದೀರಾ ಮೇಡಂ? ಚಹಾ ತಗೊಳ್ಳಿ. ಮಗ್ಗಿ ಬೇಕಾದ್ರೆ ನಾನು ಹೇಳಿಕೊಡ್ತೀನಿ."

"ಹೇಳಿಕೊಡಿ. ಹದಿಮೂರರದ್ದು ನನಗೆ ಬರಲ್ಲ." ಅವಳು ಲೋಟ ತೆಗೆದುಕೊಂಡು ನೆಲದ ಮೇಲಿಟ್ಟಳು. "ಅದಕ್ಕೆ ಮೊದಲು ಈ ಏಳು ಗುರುತು ಹೇಗೆ ಬಂತು ಹೇಳಿ."

ಚೀಫ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಲಿಲ್ಲ.

"ಬೋಲ್ಟು."

ಅವಳು ಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಬೆಳಕಿಗೆ ಹಿಡಿದಳು. "ನಿನ್ನೆ ಗೇರ್ ಪೆಟ್ಟಿಗೆಯಲ್ಲಿ ನಿಮಗೆ ಸಿಕ್ಕಿದ ಬೋಲ್ಟು ಇದು. ಕಬ್ಬಿಣದ ಹಲ್ಲು ಮುರಿದ ಬೋಲ್ಟಿನ ಮೈಮೇಲೆ ಒಂದು ಗೀರೂ ಇಲ್ಲ. ಅಂಗಡಿಯಿಂದ ತಂದ ಹಾಗಿದೆ."

"ಗಟ್ಟಿ ಉಕ್ಕು ಮೇಡಂ ಅದು."

"ಇರಬಹುದು. ಪಿನಿಯನ್ ನೋಡಿ. ಒಂದು ಹಲ್ಲು ಮುಕ್ಕಾಗಿದೆ. ಅದೇ ಈ ಏಳು ಹಲ್ಲಿಗೆ ಮೂರು ತಿಂಗಳು ಬಡಿದಿದೆ. ಮಿಕ್ಕ ಯಾವುದಕ್ಕೂ ಬಡಿದಿಲ್ಲ. ಏಳರಲ್ಲಿ ಒಂದು ಮಂಗಳವಾರ ಸೋತಿತು."

ಚೀಫ್ ನಕ್ಕರು. ಅದು ಕೆಟ್ಟ ನಗುವಲ್ಲ. ಪಾಠ ತಪ್ಪಿದ ವಿದ್ಯಾರ್ಥಿಯನ್ನು ನೋಡಿ ಮೇಷ್ಟ್ರು ನಗುವ ಹಾಗಿತ್ತು.

"ನೋಡಿ ಮೇಡಂ, ಇದು ಪೊಲೀಸ್ ಕೆಲಸ ಅಲ್ಲ, ಗಣಿತ. ಪಿನಿಯನ್ ಒಂದು ಸುತ್ತು ಬಂದ್ರೆ ದೊಡ್ಡ ಚಕ್ರದಲ್ಲಿ ಹದಿಮೂರು ಹಲ್ಲು ಮುಂದೆ ಹೋಗುತ್ತೆ. ಹಾಗೇ ಹೋಗ್ತಾ ಹೋಗ್ತಾ ದೊಡ್ಡ ಚಕ್ರ ಒಂದು ಸುತ್ತು ಮುಗಿಸಿದಾಗ ಮುಕ್ಕು ಹಲ್ಲು ಮೊದಲು ಬಡಿದ ಜಾಗಕ್ಕೇ ಮತ್ತೆ ಬರಬೇಕು ಅಂದ್ರೆ, ತೊಂಬತ್ತೊಂದು ಹದಿಮೂರರಿಂದ ಶೇಷವಿಲ್ಲದೆ ಭಾಗ ಹೋಗಬೇಕು. ಹೋಗಲ್ಲ. ಅದು ಅವಿಭಾಜ್ಯ ಸಂಖ್ಯೆ. ಬೋರ್ಡ್ ಮೇಲಿದೆ ನೋಡಿ. ಹಾಗಾಗಿ ನೀವು ಹೇಳ್ತಿರೋದು ನಡೆಯೋದೇ ಸಾಧ್ಯವಿಲ್ಲ."

"ಭಾಗ ಹೋದ್ರೆ ನಡೆಯುತ್ತೆ?"

"ಹೋದ್ರೆ ಆ ಏಳೇ ಹಲ್ಲಿಗೆ ದಿನಾ ಪೆಟ್ಟು. ಆದ್ರೆ ಹೋಗಲ್ವಲ್ಲ."

"ಡಾಕ್ಟ್ರೇ, ವಾಷರ್ ಡಬ್ಬಿ ಕೊಡಿ."

ಹಳೆಯ ಬಿಸ್ಕತ್ತಿನ ಡಬ್ಬಿ ತುಂಬ ವಾಷರುಗಳಿದ್ದವು. ಪೊಲೀಸಮ್ಮ ಅದನ್ನು ಕೆಲಸದ ಮೇಜಿನ ಮೇಲೆ ಸುರಿದಳು. ಜಾಣರು ಕಾಗದದ ಮೇಲೆ ಮಾಡಿ ಮುಗಿಸುವ ಲೆಕ್ಕವನ್ನು ಅವಳು ಕೈಯಲ್ಲೇ ಮಾಡಬೇಕಿತ್ತು. ತೊಂಬತ್ತೊಂದು ವಾಷರುಗಳನ್ನು ಎಣಿಸಿ ಬೇರೆ ಇಟ್ಟಳು.

"ಸರಿ ಇದೆಯಾ ಎಣಿಸಿ ನೋಡಿ."

"ನಂಬ್ತೀನಿ ಮೇಡಂ."

"ನಂಬಬೇಡಿ. ಎಣಿಸಿ."

ಚೀಫ್ ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದರು. ಒಂಬತ್ತು ಗುಡ್ಡೆ, ಮೇಲೊಂದು.

ಪೊಲೀಸಮ್ಮ ಗುಡ್ಡೆಗಳನ್ನು ಕೆಡವಿ ಹದಿಮೂರು ವಾಷರುಗಳ ಒಂದು ಸಾಲು ಜೋಡಿಸಿದಳು. ಅದರ ಕೆಳಗೆ ಇನ್ನೊಂದು. ಆತುರವಿರಲಿಲ್ಲ. ಮುಂದಿನ ಶೆಡ್ಡಿನಲ್ಲಿ ಮೂರು ಪ್ರೆಸ್ಸುಗಳು ಒಂದೇ ತಾಳದಲ್ಲಿ ಏರಿ ಇಳಿಯುತ್ತಿದ್ದವು. ಮೂರನೆಯ ಸಾಲು, ನಾಲ್ಕನೆಯದು, ಐದನೆಯದು. ಆರನೆಯ ಸಾಲು ಮುಗಿದಾಗ ಮೇಜಿನ ಮೇಲೆ ಉಳಿದ ವಾಷರುಗಳನ್ನು ಚೀಫ್ ಕಣ್ಣಲ್ಲೇ ಎಣಿಸುತ್ತಿದ್ದದ್ದು ಅವಳಿಗೆ ಕಂಡಿತು.

ಏಳನೆಯ ಸಾಲು ತುಂಬಿತು. ಕೈಯಲ್ಲಿ ಏನೂ ಉಳಿಯಲಿಲ್ಲ.

ಮೇಜಿನ ಮೇಲೆ ಚೊಕ್ಕವಾದ ಒಂದು ಆಯತ. ಉದ್ದಕ್ಕೆ ಹದಿಮೂರು, ಅಗಲಕ್ಕೆ ಏಳು. ಒಂದು ಮೂಲೆಯೂ ಮುಕ್ಕಿಲ್ಲ.

ಚೀಫ್ ಮತ್ತೆ ಎಣಿಸಿದರು, ಈ ಸಲ ಬೆರಳಿಟ್ಟು. ಅವರ ಜೇಬಿನಲ್ಲಿ ಮೂರು ಪೆನ್ನು, ತಲೆಯಲ್ಲಿ ದೊಡ್ಡ ದೊಡ್ಡ ಸೂತ್ರಗಳು. ತೊಂಬತ್ತೊಂದನ್ನು ಒಮ್ಮೆ ಏಳರಿಂದ ಭಾಗಿಸಿ ನೋಡುವುದು ಇಷ್ಟು ವರ್ಷದಲ್ಲಿ ಬೇಕಾಗಿರಲಿಲ್ಲ. ನೋಡಿದರೆ ಒಡೆಯದ ಹಾಗೆಯೇ ಕಾಣುವ ನಂಬರು ಅದು.

"ತೊಂಬತ್ತಕ್ಕೆ ಗಿರಾಕಿಗಳು ಬಹಳ, ಆದ್ರೆ ಅವರಲ್ಲಿ ಹದಿಮೂರು ಇರಲಿಲ್ಲ" ಎಂದಳು ಪೊಲೀಸಮ್ಮ. "ಏಳು ಹದಿಮೂರು ಆಗೋ ಹೊತ್ತಿಗೆ ತೊಂಬತ್ತು ದಾಟಿ ಒಂದು ಹಲ್ಲು ಮುಂದೆ ಹೋಗ್ತಿತ್ತು. ಪೆಟ್ಟು ಎಲ್ಲಕ್ಕೂ ಹಂಚಿ ಹೋಗ್ತಿತ್ತು. ಹಳೇ ಚಕ್ರ ಎಷ್ಟು ವರ್ಷ ಬಾಳಿತು ಡಾಕ್ಟ್ರೇ?"

"ಹನ್ನೆರಡು ವರ್ಷ."

"ತೊಂಬತ್ತೊಂದಕ್ಕೆ ಇದ್ದ ಗಿರಾಕಿಗಳು ಇಬ್ಬರೇ. ಏಳು, ಹದಿಮೂರು. ನೀವು ಅದನ್ನ ತಂದು ಹದಿಮೂರರ ಪಕ್ಕಾನೇ ಕೂರಿಸಿದ್ರಿ. ಮೂರು ತಿಂಗಳು ಬಾಳಿತು."

ಚೀಫ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿದರು.

"ಬೋರ್ಡು ಬರೆದವರು ಡಾಕ್ಟ್ರು. ನಾನು ಬೋರ್ಡ್ ನಂಬಿದೆ."

"ಹೌದು, ನನ್ನದೇ ಬರಹ" ಎಂದರು ಡಾಕ್ಟರು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು. "ನಾನು ಬರೆದೆ, ನಾನೇ ಕೊಯ್ದೆ. ಅಕ್ಕನ ಕೈ ಕೊಯ್ದವನೂ ನಾನೇ."

"ಡಾಕ್ಟ್ರೇ, ಅಳೋದಾದ್ರೆ ಆಮೇಲೆ ಅಳಿ" ಎಂದಳು ಪೊಲೀಸಮ್ಮ. "ತಪ್ಪು ಎಣಿಸಿದ್ದಕ್ಕೆ ನಾನು ಯಾರನ್ನೂ ಹಿಡಿಯಲ್ಲ. ಹಾಗೆ ಹಿಡಿಯೋದಾದ್ರೆ ನಾನು ಚಿಕ್ಕವಳಿದ್ದಾಗಲೇ ಒಳಗಿರಬೇಕಿತ್ತು. ನನಗೆ ಬೇಕಾಗಿರೋದು ಈ ಬೋಲ್ಟು. ಚೀಫ್, ಶಬ್ದ ಬರ್ತಿದೆ ಅಂತ ತಮ್ಮ ನಿಮಗೆ ಹೇಳಿದ್ದನಾ?"

"ಇಲ್ಲ."

"ಹೊಸ ಚಪ್ಪಲಿ ಕಚ್ಚೋ ಕತೆ?"

ಚೀಫ್ ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಬರೆದು ಕೊಟ್ಟಿದ್ದಾನಾ? ಬರವಣಿಗೆಯಲ್ಲಿ ಇದ್ರೆ ತೋರಿಸಿ."

ಅಲ್ಲಿಗೆ ಆ ದಾರಿ ಮುಚ್ಚಿತು. ಅಕ್ಕನ ಮಾತೊಂದೇ ಸಾಕ್ಷಿ. ತಮ್ಮನನ್ನು ಉಳಿಸಲು ಅಕ್ಕ ಏನು ಬೇಕಾದರೂ ಹೇಳಿಯಾಳು ಎಂದು ಯಾವ ವಕೀಲನಾದರೂ ಹೇಳುತ್ತಾನೆ. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು.

ಆಗ ಡಾಕ್ಟರು ಸ್ಟೂಲಿನಿಂದ ಎದ್ದರು. ಅವರ ಕಣ್ಣು ಚಕ್ರದ ಮೇಲಿತ್ತು, ಆದರೆ ಅವರು ಅದನ್ನು ನೋಡುತ್ತಿರಲಿಲ್ಲ.

"ಹಾಗಾದ್ರೆ ಇನ್ನೊಂದು?"

"ಏನು ಇನ್ನೊಂದು?"

"ಚೀಫ್ ಕೊಟ್ಟ ಚೀಟಿಯಲ್ಲಿ ಎರಡು ಅಂತ ಬರೆದಿತ್ತಮ್ಮ. ನಾನು ಕೊಯ್ದದ್ದು ಎರಡು ಚಕ್ರ. ಎರಡಕ್ಕೂ ತೊಂಬತ್ತೊಂದು. ಒಂದು ಮೂರನೇ ಪ್ರೆಸ್ಸಿಗೆ, ಇನ್ನೊಂದು ಐದನೇದಕ್ಕೆ. ಅದರ ಪಿನಿಯನ್ನೂ ಹದಿಮೂರೇ."

ಪೊಲೀಸಮ್ಮ ಚೀಫ್ ಕಡೆ ನೋಡಿದಳು. ಚೀಫ್ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. "ಐದನೇದು ನಿಂತಿದೆ. ಮೂರು, ಐದು ಎರಡೂ ಹಿಂದಿನ ಶೆಡ್ಡಲ್ಲಿರೋದು. ಅಪಘಾತ ಆದಾಗಿಂದ ಅಲ್ಲಿ ಕರೆಂಟೇ ಇಲ್ಲ, ಬೀಗ ಹಾಕಿದೆ."

"ಬೀಗದ ಕೈ?"

"ಎರಡಿವೆ. ಒಂದು ನನ್ನ ಹತ್ರ. ಇನ್ನೊಂದು ಫಿಟ್ಟರ್ ಹತ್ರ ಇರುತ್ತೆ."

"ನಡೀರಿ."

ಅಂಗಳ ದಾಟಿ ಹೋಗುವಾಗ ಗೇಟಿನಾಚೆಯ ಕಲ್ಲುಬೆಂಚು ಕಾಣುತ್ತದೆ. ಪೊಲೀಸಮ್ಮ ಆ ಕಡೆ ಕಣ್ಣು ಹಾಯಿಸಿದಳು. ಲಾರಿಯೊಂದು ಅಡ್ಡ ನಿಂತಿತ್ತು. ಬೆಳಿಗ್ಗೆ ಅವಳು ಬಂದಾಗ ತಮ್ಮ ಅಲ್ಲಿ ಕೂತಿದ್ದ. ಅಕ್ಕನಿಗೆ ಒಯ್ಯಬೇಕಾದ ಊಟದ ಡಬ್ಬಿ ತೊಡೆಯ ಮೇಲಿತ್ತು. ನಿನ್ನೆ ಬೋಲ್ಟು ಸಿಕ್ಕ ಮೇಲೆ ಅವನನ್ನು ಒಳಗೆ ಬಿಡುತ್ತಿರಲಿಲ್ಲ.

"ಸಹಿ ಹಾಕ್ತೀರಾ ಮೇಡಂ?" ಎಂದು ಕೇಳಿದ್ದ.

"ನಾಲ್ಕು ಗಂಟೆಗೆ ಗೊತ್ತಾಗುತ್ತೆ. ಅಲ್ಲಿವರೆಗೆ ಎಲ್ಲೂ ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ."

ಹಿಂದಿನ ಶೆಡ್ಡಿನ ಬೀಗಕ್ಕೆ ಚೀಫ್ ಬೀಗದ ಕೈ ಹಾಕಿದರು. ತಿರುಗಲಿಲ್ಲ. ಗೊಂಚಲಿನ ಇನ್ನೊಂದನ್ನು ಹಾಕಿದರು. ಮೂರನೆಯದು ಒಳಗೆ ಹೋಯಿತು. ಯಾವ ಕೈ ಎಂಬುದನ್ನು ಅವರು ಮರೆತಿದ್ದರು. ಪೊಲೀಸಮ್ಮ ಅದನ್ನು ನೋಡಿದಳು.

ಬಾಗಿಲು ಕರಕರ ಎಂದು ಸರಿಯಿತು. ರಟ್ಟಿನ ದೂಳು, ತುಕ್ಕು, ಫಿನಾಯಿಲ್ ವಾಸನೆ. ರಕ್ತ ತೊಳೆದ ಫಿನಾಯಿಲ್. ಎಡಗಡೆ, ಮಂಗಳವಾರವೇ ಚಕ್ರ ಬಿಚ್ಚಿ ಒಯ್ದಿದ್ದ ಮೂರನೇ ಪ್ರೆಸ್ಸು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು.

ಬಲಗಡೆ ಏನೂ ಇರಲಿಲ್ಲ.

ಸಿಮೆಂಟು ನೆಲದಲ್ಲಿ ನಾಲ್ಕು ತೂತು. ಸುತ್ತ ಎಣ್ಣೆಯ ಕಪ್ಪು ಚೌಕ. ಅಲ್ಲಿಂದ ಬಾಗಿಲವರೆಗೆ ಭಾರವಾದದ್ದನ್ನು ಉರುಳುಪೈಪುಗಳ ಮೇಲೆ ದೂಡಿದ ಗೆರೆಗಳು. ಮಂಗಳವಾರ ಅವಳೇ ಕಣ್ಣಾರೆ ನೋಡಿದ್ದಳು: ನೀಲಿ ಟಾರ್ಪಾಲು ಹೊದ್ದ ಪ್ರೆಸ್ಸು ಅಲ್ಲಿತ್ತು. ಈಗ ಟಾರ್ಪಾಲು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು.

"ನಾನು ಕಳಿಸಿಲ್ಲ" ಎಂದರು ಚೀಫ್. "ಮೇಡಂ, ಆಣೆ ಮಾಡಿ ಹೇಳ್ತೀನಿ, ನಾನು ಕಳಿಸಿಲ್ಲ. ನನಗೆ ಗೊತ್ತೇ ಇಲ್ಲ."

"ಗೊತ್ತೇ ಇಲ್ವಾ?"

"ಈಗ ತಾನೇ ನೋಡ್ತಿರೋದು!"

"ಚೀಫ್, ಬೋಲ್ಟು ಎಲ್ಲಿ ಸಿಕ್ತು ಅಂದ್ರಿ?"

"ಮೂರನೇ ಪ್ರೆಸ್ಸಿನ ಗೇರ್ ಪೆಟ್ಟಿಗೆಯಲ್ಲಿ."

"ಅಂದ್ರೆ ಇಲ್ಲಿ. ನಿನ್ನೆ, ಶುಕ್ರವಾರ. ನೀವು ನಿಂತಿರೋ ಜಾಗದಲ್ಲೇ." ಅವಳು ಬಲಗಡೆ ಕೈ ತೋರಿಸಿದಳು. "ನಿನ್ನೆ ಇದು ಕಾಣಲಿಲ್ವಾ?"

ಚೀಫ್ ನೆಲದ ನಾಲ್ಕು ತೂತುಗಳನ್ನು ನೋಡಿದರು. ಮಾತಿನ ಮಲ್ಲನ ಬಾಯಿಂದ ಬಂದದ್ದು ತೀರ ಸಣ್ಣ ದನಿ.

"ನಾನು ಒಳಗೆ ಬಂದಿರಲಿಲ್ಲ."

"ಬೋಲ್ಟು?"

"ಸ್ಟೋರಿಂದ ತಂದದ್ದು."

ಡಾಕ್ಟರು ಕೆಮ್ಮಿದರು. ಪೊಲೀಸಮ್ಮ ಚೀಲದಿಂದ ವರದಿಯನ್ನು ತೆಗೆದು, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಚಿ ಮತ್ತೆ ಒಳಗಿಟ್ಟಳು. ಸಹಿಯ ಮಾತು ಮುಗಿದಿತ್ತು. ತಮ್ಮ ಬಚಾವಾದ. ಅವಳಿಗೆ ಚಹಾ ನೆನಪಾಯಿತು. ಆರಿ ಹೋಗಿರುತ್ತದೆ.

ಆದರೆ ಯಂತ್ರಕ್ಕೆ ಕಾಲು ಬಂದು ನಡೆದು ಹೋಗುವುದಿಲ್ಲ. ಎಲ್ಲಿಯೋ ಯಾರೋ ಅದನ್ನು ನೆಲಕ್ಕೆ ಬಿಗಿದು, ಕರೆಂಟು ಕೊಟ್ಟು, ಹಲ್ಲಿಗೆ ಹಲ್ಲು ಬಡಿಸುತ್ತಿರಬಹುದು. ಅದರ ಹಲಗೆಯ ಕೆಳಗೆ ಯಾರದೋ ಕೈ ಇರಬಹುದು.

"ಗೇಟಿನ ಪುಸ್ತಕ ತರಿಸಿ."

ಕಾವಲುಗಾರ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಾನೇ ಬಂದ. ಹೊರಗೆ ಹೋಗುವ ಪ್ರತಿ ಸಾಮಾನೂ ಅದರಲ್ಲಿ ದಾಖಲಾಗಬೇಕು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ.

"ಗುರುವಾರ ಮೇಡಂ. ಹನ್ನೊಂದು ಹತ್ತಕ್ಕೆ. ಪ್ರೆಸ್ಸು ಒಂದು, ರಿಪೇರಿಗೆ. ಲಾರಿ ತಂದು ಕ್ರೇನಲ್ಲಿ ಎತ್ತಿಸ್ಕೊಂಡು ಹೋದ್ರು."

"ಚೀಫ್‌ನ ಕೇಳಲಿಲ್ವಾ ನೀನು?"

"ಅವತ್ತು ಚೀಫ್ ರಜ. ಸಹಿ ಇತ್ತಲ್ಲ ಮೇಡಂ, ಬಿಟ್ಟೆ."

"ಯಾರ ಸಹಿ?"

ಅವನು ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಪೊಲೀಸಮ್ಮನಿಗೆ ಆ ಸಹಿಯನ್ನು ಓದಬೇಕಾಗಿರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಸ್ಪ್ಯಾನರಿನ ಹಾಗೆ ಬಾಗಿಸುವ ಆ ಸಹಿ ಅವಳ ಚೀಲದಲ್ಲೇ ಇನ್ನೊಂದು ಕಾಗದದ ಮೇಲಿತ್ತು. 'ಮಂಗಳವಾರದಿಂದ ಶುಕ್ರವಾರದವರೆಗೆ ನಾನು ಆಸ್ಪತ್ರೆ ಬಿಟ್ಟು ಕದಲಿಲ್ಲ, ಕಾರ್ಖಾನೆಗೆ ಕಾಲಿಟ್ಟಿಲ್ಲ' ಎಂಬ ಹೇಳಿಕೆಯ ಕೆಳಗೆ. ಅಕ್ಕನೂ ಅದನ್ನೇ ಹೇಳಿದ್ದಳು, ನಗುತ್ತ.

"ತಮ್ಮ" ಎಂದ ಕಾವಲುಗಾರ. "ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ತಾನೂ ಹೋದ. ಬರುವಾಗ ನಡ್ಕೊಂಡು ಬಂದ."

ಪೊಲೀಸಮ್ಮ ಅಂಗಳಕ್ಕೆ ಬಂದಳು. ಓಡಲಿಲ್ಲ, ಆದರೆ ಡಾಕ್ಟರಿಗೆ ಅವಳ ಜೊತೆ ಹೆಜ್ಜೆ ಹಾಕಲಾಗಲಿಲ್ಲ. ಅಡ್ಡ ನಿಂತಿದ್ದ ಲಾರಿ ಹೋಗಿತ್ತು. ಗೇಟಿನಾಚೆ ರಸ್ತೆ ಎರಡೂ ಕಡೆ ಖಾಲಿ.

ಕಲ್ಲುಬೆಂಚಿನ ಮೇಲೆ ಊಟದ ಡಬ್ಬಿ ಮಾತ್ರ ಇತ್ತು. ಮುಟ್ಟಿ ನೋಡಿದಳು. ಮುಚ್ಚಳ ತೆಗೆದೇ ಇರಲಿಲ್ಲ.

ಅವಳು ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆರೆದಳು. ಕಳೆದುಹೋದದ್ದರ ಲೆಕ್ಕವನ್ನು ಒಂದು ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಬರೆದಳು. ಇದಕ್ಕೆ ಮಗ್ಗಿ ಬೇಕಾಗಿರಲಿಲ್ಲ.

ಬೆರಳು ಮೂರು. ಚಕ್ರದ ಹಲ್ಲು ಒಂದು. ಪ್ರೆಸ್ಸು ಒಂದು. ಮನುಷ್ಯ ಒಬ್ಬ.